ದಮ್ಮಾಮಿನಿಂದ ಬಂದ ಕಂಪ್ಯೂಟರ್

ಉಪ್ಪಿನಂಗಡಿಯಲ್ಲಿ ಬರೀ ಅಬ್ಬಾಸ್ ಎಂದು ವಿಚಾರಿಸಿದರೆ, ಯಾವ ಅಬ್ಬಾಸ್ ಎಂದು ಜನ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಕಂಪ್ಯೂಟರ್ ಅಬ್ಬಾಸ್ ಎಂದರೆ ಮಾತ್ರ ಬಸ್‌ಸ್ಟ್ಯಾಂಡಿನ ಯಾವ ರಿಕ್ಷಾದವನೂ ಮನೆಯ ಗೇಟಿನವರೆಗೆ ತಂದು ಬಿಡುತ್ತಾನೆ. ಹೆಸರು ಕೇಳಿ ಯಾರೋ ದೊಡ್ಡ ಇಂಜಿನಿಯರ್ ಎಂದುಕೊಂಡರೆ ನೀವು ಕೆಟ್ಟಿರಿ. ಅವರು ಇಪ್ಪತ್ತೈದು ವರ್ಷ ಪೇಟೆಯಲ್ಲಿ ಮಿಕ್ಸಿ, ಫ್ಯಾನು, ರೇಡಿಯೋ ರಿಪೇರಿ ಮಾಡಿದವರು. ಕಂಪ್ಯೂಟರ್ ಎಂಬುದು ಊರು ಗೇಲಿಗೆ ಅಂಟಿಸಿದ ಹೆಸರು. ಅದು ಅಂಟಿದ್ದು ಯಾರಿಂದ ಎಂಬುದು ತನಗೊಬ್ಬಳಿಗೇ ಗೊತ್ತು ಎಂದು ಅವರ ಹೆಂಡತಿ ಲೈಲಾ ತಿಳಿದಿದ್ದಳು. ತಿಳಿದು, ಮೂವತ್ತೈದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವಳ ಮದುವೆಯಾಗಿ ಎರಡೇ ತಿಂಗಳಿಗೆ ಅಬ್ಬಾಸ್ ಗಲ್ಫಿನ ಕೆಲಸಕ್ಕೆ, ದಮ್ಮಾಮಿಗೆ, ವಾಪಸು ಹೋಗಿದ್ದರು. ಅವಳಿಗಾಗ ಹತ್ತೊಂಬತ್ತು. ಮನೆಯಲ್ಲಿ ಫೋನಿಲ್ಲ. ಗಲ್ಫಿನವರ ಮನೆಗಳಲ್ಲಿ ಆಗೆಲ್ಲ ಕಾಗದಕ್ಕಿಂತ ಹೆಚ್ಚು ಕ್ಯಾಸೆಟ್ ಓಡಾಡುತ್ತಿತ್ತು. ಟೇಪ್ ರೆಕಾರ್ಡರಿನ ಮುಂದೆ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವುದು, ಆ ಕಡೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವುದು. ಮರುವರ್ಷ ಅಬ್ಬಾಸ್ ರಜೆಗೆ ಬರುತ್ತಿದ್ದ ಸ್ನೇಹಿತನೊಬ್ಬನ ಕೈಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಕಳಿಸಿದರು. ಒಳಗಿದ್ದದ್ದು ಮನೆಬಳಕೆಯ ಕಂಪ್ಯೂಟರ್. ಅಗಲವಾದ ಕೀಬೋರ್ಡು, ಅದರ ಹೊಟ್ಟೆಯಲ್ಲೇ ಇಡೀ ಯಂತ್ರ, ನೋಡುವುದಕ್ಕೆ ಟೀವಿಗೆ ಜೋಡಿಸಬೇಕು. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬಿ ಅಕ್ಷರ. ಜೊತೆಗೊಂದು ಕ್ಯಾಸೆಟ್. ಆ ಕಾಲದ ಅಂಥ ಯಂತ್ರಗಳಿಗೆ ಆಟವಾಗಲಿ ಲೆಕ್ಕವಾಗಲಿ ಕಲಿಸಬೇಕಾದದ್ದು ಟೇಪಿನಿಂದಲೇ. "ನಾನು ಬಂದ ಮೇಲೆಯೇ ಶುರು ಮಾಡುದು" ಎಂದು ಅಬ್ಬಾಸ್ ಹೇಳಿಕಳಿಸಿದ್ದರು.

ಲೈಲಾ ಕಾದಳು. ಕಂಪ್ಯೂಟರಿಗಲ್ಲ, ಗಂಡನಿಗೆ. ಆಷಾಢದಲ್ಲಿ ಒಂದು ಸಂಜೆ, ಓಣಿಯ ಒಬ್ಬರು ಮರುದಿನವೇ ದಮ್ಮಾಮಿಗೆ ಹೊರಡುವ ಸುದ್ದಿ ಬಂತು. ಹೇಳುವುದು ಬೆಟ್ಟದಷ್ಟಿತ್ತು, ಖಾಲಿ ಕ್ಯಾಸೆಟ್ ಒಂದೂ ಇರಲಿಲ್ಲ. ಊರಲ್ಲಿ ಕೂಡುವ ಎರಡೂ ಹೊಳೆ ಉಕ್ಕಿ ಕೆಳಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಪೆಟ್ಟಿಗೆಯ ಕ್ಯಾಸೆಟನ್ನು ಟೇಪಿಗೆ ಹಾಕಿ ಕೇಳಿದರೆ ಬರೀ ಕೀಂಯ್ ಎಂಬ ಕಿರುಚಾಟ. ಇದ್ಯಾವುದೋ ಹಾಳಾದ ಕ್ಯಾಸೆಟ್ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟು ನಂಬಿಕೆ ಇದ್ದಿದ್ದರೆ ಲೇಬಲ್ ಕೀಳುವ ಅಗತ್ಯವಿರಲಿಲ್ಲ ಬಿಡಿ. ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಕಂಪೆನಿಯವರು ಚಿಪ್ಪು ಮುರಿದು ಬಿಟ್ಟಿದ್ದ ಹಿಂಬದಿಯ ತೂತಿಗೆ ಕಾಗದದ ಉಂಡೆ ತುರುಕಿದಳು, ಬಾಗಿಲು ಹಾಕಿಕೊಂಡು ಆ ಕಿರುಚಾಟದ ಮೇಲೆಯೇ ಅರ್ಧ ಗಂಟೆ ಮಾತಾಡಿದಳು, ಕಳಿಸಿಯೇ ಬಿಟ್ಟಳು.

ಮರುವರ್ಷ ಅಬ್ಬಾಸ್ ರಜೆಗೆ ಬಂದಾಗ ಕಂಪ್ಯೂಟರ್ ನೋಡಲು ಇಡೀ ಓಣಿ ಅಂಗಳಕ್ಕೆ ಬಂತು. ಮನೆಯಲ್ಲಿ ಟೀವಿ ಇರಲಿಲ್ಲ. ಅರಂತೋಡಿನಿಂದ ಲೈನ್‌ಮ್ಯಾನ್ ಆಗಿ ಬಂದು ಇಲ್ಲೇ ನೆಲೆಯೂರಿದ್ದ ಬೋಜಪ್ಪ ತಮ್ಮ ಟೀವಿಯನ್ನು ತಲೆಯ ಮೇಲೆ ಹೊತ್ತು ತಂದರು. ಸ್ವಿಚ್ ಹಾಕಿದರೆ ಖಾಲಿ ಪರದೆ, ಮೂಲೆಯಲ್ಲಿ ಒಂದು ಚೌಕ ಮಿಣಮಿಣ. ಅಬ್ಬಾಸ್ ಪೆಟ್ಟಿಗೆಯೊಳಗೆ ಕೈ ಹಾಕಿದರು, ಥರ್ಮೋಕೋಲ್ ಎತ್ತಿ ನೋಡಿದರು. ಬಾಗಿಲ ಪರದೆಯ ಹಿಂದೆ ನಿಂತಿದ್ದ ಲೈಲಾ ಪರದೆಯನ್ನು ಇನ್ನಷ್ಟು ಎಳೆದುಕೊಂಡಳು.

"ಅಂಗಡಿಯವ ಕ್ಯಾಸೆಟೇ ಹಾಕ್ಲಿಲ್ಲ ಮಾರಾಯ್ರೆ, ನಂಗೆ ಟೋಪಿ ಹಾಕಿದ" ಎಂದರು ಅಬ್ಬಾಸ್.

"ಇದಕ್ಕೆ ನನ್ನಿಂದ ಟೀವಿ ಹೊರಿಸಿದ್ದಾ? ಭಲೇ ಕಂಪ್ಯೂಟರ್ ಅಬ್ಬಾಸ್!" ಎಂದು ಬೋಜಪ್ಪ ನಕ್ಕರು. ಅಂಗಳವೂ ನಕ್ಕಿತು. ಹೆಸರು ಅವತ್ತೇ ಅಂಟಿತು.

ಆಮೇಲೆ ಅಬ್ಬಾಸ್ ಊರಿಗೇ ಬಂದು ರಿಪೇರಿ ಅಂಗಡಿ ಹಾಕಿದರು. ಓಣಿಗೆ ನೆರೆನೀರು ನುಗ್ಗಿದಾಗಲೆಲ್ಲ ಅಕ್ಕಿ ಮೂಟೆಗಿಂತ ಮೊದಲು ಆ ಪೆಟ್ಟಿಗೆ ಅಟ್ಟ ಹತ್ತುತ್ತಿತ್ತು. ಸುಮ್ಮನೆ ಬಿಸಾಡಿ ಎಂದು ಲೈಲಾ ಎಷ್ಟು ಸಲ ಗೊಣಗಿದಳೋ.

ಅದು ಹಾಗೇ ಅಟ್ಟದಲ್ಲಿ ಮುದಿಯಾಗಬಹುದಿತ್ತು. ಆದರೆ ಪುತ್ತೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮಗಳು ಹಸ್ನಾ ಹೋದ ವರ್ಷ ಒಂದು ಸುದ್ದಿ ತಂದಳು. ಇಂಥ ಮುದಿ ಯಂತ್ರಗಳಿಗೆಂದೇ ಈಗ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆಯಂತೆ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಒಳಗಿನ ಪ್ರತಿ ಸಾಲನ್ನೂ ಓದಬಹುದು, ತಪ್ಪಿದ್ದರೆ ತಿದ್ದಬಹುದು. "ಅಂದರೆ ಮುಚ್ಚಳ ತೆಗೆದಿಟ್ಟ ರೇಡಿಯೋ ಹಾಗೆ!" ಎಂದು ಅಬ್ಬಾಸ್ ಕುಣಿದಾಡಿದರು. ಅಂಗಡಿ ಮುಚ್ಚಿ ಸಪ್ಪಗೆ ಕೂತಿದ್ದ ಮನುಷ್ಯನ ಕೈಗೆ ಮತ್ತೆ ಬೆಸುಗೆ ಕಡ್ಡಿ ಬಂತು. ಉಬ್ಬಿದ್ದ ಕೆಪಾಸಿಟರ್‌ಗಳನ್ನು ಬದಲಿಸಿದರು, ಕೀಲಿಗಳನ್ನು ಒಂದೊಂದಾಗಿ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದರು. ಮೆಮೊರಿ ಕಾರ್ಡ್ ಸಿಕ್ಕಿಸುವ ಒಂದು ಪುಟ್ಟ ಡಬ್ಬಿಯನ್ನು ಅಂಚೆಯಲ್ಲಿ ತರಿಸಿದರು. ಅದನ್ನು ಯಂತ್ರದ ನೆತ್ತಿಗೆ ಚುಚ್ಚಿದರಾಯಿತು, ಟೇಪಿನ ಹಂಗಿಲ್ಲ. ಇಡೀ ಯಂತ್ರದ ನೆನಪಿನಲ್ಲಿ ತನ್ನ ಮೊಬೈಲಿನ ಒಂದು ಫೋಟೋ ಕೂಡ ಹಿಡಿಸುವುದಿಲ್ಲ ಎಂದು ಹಸ್ನಾ ಹೇಳಿದರೆ, ಅಬ್ಬಾಸರಿಗೆ ಅದೂ ಹೆಮ್ಮೆ.

ಲೈಲಾಳಿಗೆ ಮಾತ್ರ ಪೀಕಲಾಟ. ಯಂತ್ರ ಎದ್ದು ನಿಂತರೆ, ಸರಿಯಾದ ಮಾಲು ಕೊಟ್ಟ ಅಂಗಡಿಯವ ಕ್ಯಾಸೆಟ್ ಯಾಕೆ ತಪ್ಪಿಸಿದ ಎಂಬ ಮಾತು ಬಂದೇ ಬರುತ್ತದೆ. ಏಳದಿದ್ದರೆ ಈ ಮನುಷ್ಯನ ಮುಖ ನೋಡಲು ತನ್ನಿಂದಾಗದು. ಯಾವುದಕ್ಕೆ ದುಆ ಮಾಡಬೇಕೆಂದೇ ತಿಳಿಯದೆ ಅವಳು ಎರಡಕ್ಕೂ ಒಟ್ಟಿಗೆ ಮಾಡಿದಳು.

ಒಂದು ಭಾನುವಾರ ಮಧ್ಯಾಹ್ನ ಶುಭಕಾರ್ಯ ಎಂದಾಯಿತು. ಅಬ್ಬಾಸ್ ಹಟ ಹಿಡಿದು ಬೋಜಪ್ಪನವರನ್ನು ಕರೆಸಿದರು. "ಈ ಸಲ ಟೀವಿ ತರ್ಲಿಕ್ಕೆ ಇಲ್ಲ, ಸೊಂಟ ಹೋಗಿದೆ" ಎನ್ನುತ್ತ ಅವರು ದೊಣ್ಣೆ ಊರಿಕೊಂಡು ಬಂದರು. ಅಬ್ಬಾಸ್ ಬಿಸ್ಮಿ ಹೇಳಿ ಸ್ವಿಚ್ ಹಾಕಿದರು. ಖಾಲಿ ಪರದೆ, ಮೂಲೆಯಲ್ಲಿ ಅದೇ ಚೌಕ, ಅದೇ ಮಿಣಮಿಣ. ಎರಡನೇ ಸಲವೂ ಅಷ್ಟೆ, ಮೂರನೇ ಸಲವೂ ಅಷ್ಟೆ.

"ಅಂಗಡಿಯವ ಕ್ಯಾಸೆಟಿನಲ್ಲಿ ಮಾತ್ರ ಅಲ್ಲ ಮಾರಾಯ, ಮೆಷಿನಿನಲ್ಲೂ ನಿನಗೆ ಟೋಪಿ ಹಾಕಿದ್ದಾನೆ" ಎಂದರು ಬೋಜಪ್ಪ. ಅಬ್ಬಾಸ್ ನಗಲು ನೋಡಿದರು, ಆಗಲಿಲ್ಲ.

ಹಸ್ನಾ ಲ್ಯಾಪ್‌ಟಾಪಿನಲ್ಲಿ ತಡಕಾಡುತ್ತಿದ್ದಳು. "ಉಪ್ಪಾ, ಕಾರ್ಡ್ ದೊಡ್ಡದಾಯ್ತು. ಈ ಡಬ್ಬಿಗೆ ಎರಡು ಜೀಬಿಗಿಂತ ದೊಡ್ಡ ಕಾರ್ಡ್ ಆಗುದಿಲ್ಲಂತೆ. ಅಷ್ಟು ಸಣ್ಣದು ಈಗ ಯಾವ ಅಂಗಡಿಯಲ್ಲಿ ಉಂಟು?"

ಚಹಾದ ಟ್ರೇ ಹಿಡಿದು ಬಂದ ಲೈಲಾ ಬಾಗಿಲಲ್ಲೇ ನಿಂತಳು. ಅಷ್ಟು ಸಣ್ಣದು ಅವಳ ಕಪಾಟಿನಲ್ಲೇ ಇತ್ತು, ಹಳೆಯ ಬಟನ್ ಮೊಬೈಲಿನ ಒಳಗೆ. ಸುಮ್ಮನೆ ಚಹಾ ಕೊಟ್ಟು ಅಡುಗೆಮನೆಗೆ ಹೋದರೆ ಸಂಗತಿ ಇಲ್ಲಿಗೇ ಮುಗಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ. ಮೂವತ್ತೈದು ವರ್ಷದ ಹಿಂದೆ ಪರದೆಯ ಹಿಂದೆ ನಿಂತು ಮಾಡಿದ್ದೂ ಅದನ್ನೇ. ಅವಳು ಗಂಡನ ಬಗ್ಗಿದ ಕುತ್ತಿಗೆ ನೋಡಿದಳು. ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದಳು.

"ಬೋಜಪ್ಪಣ್ಣ, ಅಂಗಡಿಯವ ಮೋಸ ಮಾಡ್ಲಿಲ್ಲ. ಕ್ಯಾಸೆಟ್ ಪೆಟ್ಟಿಗೆಯಲ್ಲೇ ಇತ್ತು. ನಾನು ಅದರಲ್ಲಿ ಮಾತಾಡಿ ಇವರಿಗೇ ಕಳಿಸಿದೆ. ಮೋಸ ಮಾಡಿದ್ದು ನಾನು."

ಅಬ್ಬಾಸ್ ಎದ್ದು ಒಳಗೆ ಹೋದರು. ಸಿಟ್ಟು ಬಂತು, ಮುಗಿಯಿತು ಎಂದುಕೊಂಡಳು ಲೈಲಾ. ಅವರು ಹೊರಗೆ ಬಂದದ್ದು ಕೈಯಲ್ಲೊಂದು ಕ್ಯಾಸೆಟ್ ಹಿಡಿದುಕೊಂಡು. ಲೇಬಲ್ ಇರಲಿಲ್ಲ. ಹಿಂಬದಿಯ ತೂತಿನಲ್ಲಿ ಕಾಗದದ ಉಂಡೆ ಹಾಗೇ ಇತ್ತು.

"ನಿನ್ನ ಮಾತು ಮುಗಿದ ಮೇಲೆ ಕೀಂಯ್ ಅಂತ ಸ್ವಲ್ಪ ಉಳಿದಿತ್ತಲ್ಲ, ದಮ್ಮಾಮಲ್ಲಿ ಕೇಳುವಾಗಲೇ ಗೊತ್ತಾಯ್ತು" ಎಂದರು.

"ಗೊತ್ತಿದ್ದೂ ಎಲ್ಲರೆದುರು ಪೆಟ್ಟಿಗೆಯಲ್ಲಿ ಹುಡುಕಿದಿರಾ?"

"ಮತ್ತೆ ನನ್ನ ಹೆಂಡತಿ ಅಳಿಸಿದ್ದು ಅಂತ ಹೇಳ್ಲಿಕ್ಕೆ ಆಗ್ತದಾ? ಅಂಗಡಿಯವ ದಮ್ಮಾಮಲ್ಲಿದ್ದ, ಅವನಿಗೆ ಕೇಳುದಿಲ್ಲವಲ್ಲ."

"ಬೇರೆ ಒಂದು ತರಬಹುದಿತ್ತು."

"ಹುಡುಕಿದೆ ಮಾರಾಯ್ತಿ. ಆ ಮಾಡೆಲೇ ನಿಂತುಹೋಗಿತ್ತು."

ಲೈಲಾಳಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಇಷ್ಟು ವರ್ಷ ಇವರು ಒಂದು ಮಾತು ಹೇಳಿದ್ದರೆ ತಾನು ಒಬ್ಬಳೇ ಒಳಗೊಳಗೇ ಬೇಯಬೇಕಿತ್ತೇ? ಬೋಜಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದರು. ಹಸ್ನಾ ಆಗಲೇ ಟೇಪ್ ರೆಕಾರ್ಡರ್ ಹುಡುಕಲು ಎದ್ದಿದ್ದಳು.

"ಕೊಡಿ ಉಪ್ಪಾ, ಉಮ್ಮ ಎಂತ ಹೇಳಿದ್ದು ಕೇಳುವ!"

ಲೈಲಾ ಹಾರಿ ಕ್ಯಾಸೆಟ್ ಕಸಿದುಕೊಂಡಳು. "ಯಾರೂ ಕೇಳುದು ಬೇಡ!" ಐವತ್ತಾರರ ಮುಖ ಹತ್ತೊಂಬತ್ತರ ಹಾಗೆ ಕೆಂಪಾಯಿತು.

"ಇಟ್ಟುಕೋ" ಎಂದರು ಅಬ್ಬಾಸ್. "ನನಗೆ ಬಾಯಿಪಾಠ ಉಂಟು."

ಅವಳು ಒಳಗೆ ಓಡಿದಳು. ಬಂದದ್ದು ಹಳೆಯ ಮೊಬೈಲಿನೊಂದಿಗೆ. ಅದರ ಕಾರ್ಡಿನಲ್ಲಿದ್ದ ತನ್ನದೇ ಮದುವೆಯ ಫೋಟೋಗಳನ್ನು ಹಸ್ನಾ ಲ್ಯಾಪ್‌ಟಾಪಿಗೆ ಇಳಿಸಿದಳು, ಕಾರ್ಡು ಬರಿದು ಮಾಡಿ ಹೊಸ ಸಿಸ್ಟಮ್ ತುಂಬಿದಳು. ಅಬ್ಬಾಸ್ ಸ್ವಿಚ್ ಹಾಕಿದರು. ಚೌಕ ಮಿಣಮಿಣ ಎಂದಿತು. ಆಮೇಲೆ ಒಂದು ಸಾಲು ಅಕ್ಷರ ಬಂತು, ಅದರ ಕೆಳಗೆ ಇನ್ನೊಂದು, ಮತ್ತೊಂದು, ಟೀವಿಯ ತುದಿಯವರೆಗೂ ಸಾಲಿನ ಮೇಲೆ ಸಾಲು. ಅಬ್ಬಾಸ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತುಬಿಟ್ಟರು. ಬೋಜಪ್ಪ ದೊಣ್ಣೆ ಮರೆತು ಎದ್ದು ನಿಂತರು. ಇಂಗ್ಲಿಷ್ ಓದಲು ಬಾರದಿದ್ದರೂ ಲೈಲಾ ಒಂದು ಸಾಲೂ ಬಿಡದೆ ನೋಡಿದಳು.

ಅಬ್ಬಾಸ್ ಕೀಲಿಗಳ ಮೇಲೆ ಏನೋ ಕುಟ್ಟಿದರು. ಬಳಸುವವರ ಹೆಸರು ಹೇಳಿ ಎಂದು ಯಂತ್ರ ಕೇಳಿತು.

"ಬಾ" ಎಂದು ಅವರು ಕುರ್ಚಿ ಬಿಟ್ಟುಕೊಟ್ಟರು. "ಮೊದಲ ಹೆಸರು ನಿನ್ನದೇ ಇರಲಿ. ಅದರಲ್ಲಿ ಮೊದಲು ಮಾತಾಡಿದ್ದು ನೀನೇ ಅಲ್ವಾ?"

ಲೈಲಾ ಕೂತಳು. ಅವಳ ಕಣ್ಣು ನೇರ ಹೋದದ್ದು ಮದರಸದಲ್ಲಿ ಕಲಿತ ಅರಬಿಯ ಲಾಮ್ ಅಕ್ಷರಕ್ಕೆ. ಅದಲ್ಲ, ಇಂಗ್ಲಿಷಿನದು ಎಂದು ಹಸ್ನಾ ತೋರಿಸಿದಳು. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಐದು ಅಕ್ಷರ ಒತ್ತಿದಳು. ಯಂತ್ರ ಮಾತಾಡದೆ ಒಪ್ಪಿಕೊಂಡಿತು.

ಬೋಜಪ್ಪನವರ ಬಾಯಿ ನಿಮಗೆ ಗೊತ್ತೇ ಉಂಟು. ಮರುದಿನ ಬೆಳಿಗ್ಗೆ ಲೈಲಾ ಬಂಗುಡೆ ತರಲು ಹೋಗುವಷ್ಟರಲ್ಲಿ ಕತೆ ಮೀನು ಮಾರುಕಟ್ಟೆ ತಲುಪಿಯಾಗಿತ್ತು. ಮೀನು ಮಾರುವ ಚೆನ್ನು ಅವಳನ್ನು ದೂರದಿಂದಲೇ ಕಂಡು, ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಕೂಗಿದಳು:

"ಕಂಪ್ಯೂಟರ್ ಲೈಲಕ್ಕಾ! ಇಲ್ಲಿ ಬನ್ನಿ, ತಾಜಾ ಉಂಟು!"

ಸುತ್ತಲಿದ್ದವರೆಲ್ಲ ನಕ್ಕರು. ಲೈಲಾ ತಲೆಯ ಮೇಲಿನ ಶಾಲು ಸರಿಮಾಡಿಕೊಂಡಳು, "ಬಂದೆ ಮಾರಾಯ್ತಿ" ಎಂದು ಅಷ್ಟೇ ಜೋರಾಗಿ ಓಗೊಟ್ಟಳು.