ಎರಡು ಸಾಲಿನ ವಿಳಾಸ

ಕೂಡ್ಲಿಗಿ ಬಸ್‌ಸ್ಟ್ಯಾಂಡ್ ಎದುರಿಗಿದ್ದ ನನ್ನ ಇಂಟರ್‌ನೆಟ್ ಅಂಗಡಿಯ ಗೋಡೆಗೆ, ಜನ ಕೇಳುವ ವೆಬ್ ವಿಳಾಸಗಳನ್ನೆಲ್ಲ ನಾನೇ ನೀಲಿ ಬಣ್ಣದಲ್ಲಿ ಬರೆದಿದ್ದೆ. ಆಗ ಅವು ಗೇಣುದ್ದ ಇರುತ್ತಿದ್ದವು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಈ ವಿಷಯದಲ್ಲಿ ನನ್ನ ಮಾತೇ ಕೊನೆ. ನಾಲ್ಕೈದು ವರ್ಷದೊಳಗೆ ಆ ವಿಳಾಸಗಳಿಗೆ ಬಾಲ ಬೆಳೆಯಿತು: ಪ್ರಶ್ನೆ ಗುರುತು, ಶೇಕಡಾ ಗುರುತು, ತಲೆಬುಡವಿಲ್ಲದ ಅಂಕಿಗಳು. ಯಾರ ಉದ್ಧಾರಕ್ಕೆ ಇದೆಲ್ಲ ಎಂದು ಬೈಯುತ್ತಲೇ ಬರೆದುಕೊಡುತ್ತಿದ್ದೆ. ತಿಳಿಯದ್ದನ್ನು ತಿಳಿಯದು ಎನ್ನುವ ಬುದ್ಧಿ ಮಾತ್ರ ಬರಲಿಲ್ಲ.

ಚಿಗಟೇರಿಯ ಒಬ್ಬ ಹೆಣ್ಣುಮಗಳು ಕೂಡ್ಲಿಗಿಯ ಅಕ್ಕನ ಮನೆಗೆ ಬಂದಿದ್ದಾಗ ಶಿಕ್ಷಕಿ ಹುದ್ದೆಗೆ ನನ್ನಲ್ಲಿ ಅರ್ಜಿ ಹಾಕಿಸಿದಳು. ವಯಸ್ಸು ಮೀರುತ್ತಿತ್ತು, ಅವಳಿಗೆ ಅದೇ ಕೊನೆಯ ಅವಕಾಶ. ದಾಖಲೆ ಪರಿಶೀಲನೆಯ ದಿನ ವೆಬ್‌ಸೈಟಿನಲ್ಲಷ್ಟೇ ಪ್ರಕಟವಾಗುತ್ತಿತ್ತು, ಮನೆಗೆ ಪತ್ರ ಬರುವಂತಿರಲಿಲ್ಲ. ಪರದೆಯ ಮೇಲ್ತುದಿಯಲ್ಲಿ ಕಾಣುತ್ತಿದ್ದ ವಿಳಾಸವನ್ನು ಪೂರ್ತಿ ಎರಡು ಸಾಲು ಬರೆದುಕೊಟ್ಟೆ.

"ಇಷ್ಟು ದೂರ ಬರಬ್ಯಾಡವ್ವ. ನಿಮ್ಮೂರ ಹತ್ರ ಹರಪನಹಳ್ಳ್ಯಾಗ ಇಂಟರ್‌ನೆಟ್ ಅಂಗಡ್ಯಾಗ ಇದನ್ನ ಹೊಡಿಸಿ ನೋಡು. ಒಂದಕ್ಷರನೂ ಬಿಡಬ್ಯಾಡ," ಎಂದೆ.

ಎರಡು ತಿಂಗಳಾದ ಮೇಲೆ ಅವಳೇ ಬಂದಳು. ಕೈಯಲ್ಲಿ ಅದೇ ಚೀಟಿ. ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ದೇವರ ಜಗಲಿ ಮೇಲೆ ಇಟ್ಟಿದ್ದಳಂತೆ.

"ವಾರಕ್ಕೆರಡು ಸಲ ನೋಡೀನ್ರಿ ಅಣ್ಣಾರ. ಈ ಪುಟ ಇಲ್ಲ ಅಂತಾನ ಬರ್ತೈತಿ. ಪಟ್ಟಿ ಇನ್ನೂ ಬಿಟ್ಟಿಲ್ಲೇನ್ರಿ?"

ನಾನು ಹೊಡೆದೆ. ಪುಟ ಇಲ್ಲ. ಬಾಲ ಕತ್ತರಿಸಿ, ಮೊದಲ ತುಂಡನ್ನಷ್ಟೇ ಹೊಡೆದೆ. ತೆರೆಯಿತು. ಪಟ್ಟಿಯಿತ್ತು. ಅವಳ ನಂಬರೂ ಇತ್ತು. ಪರಿಶೀಲನೆ ಮುಗಿದು ಹನ್ನೊಂದು ದಿನವಾಗಿತ್ತು. ಆ ಉದ್ದನೆಯ ಬಾಲ ಅರ್ಜಿ ತುಂಬಿದ ಆ ಒಂದು ಹೊತ್ತಿಗೆ ಮಾತ್ರ ಹುಟ್ಟಿದ್ದು, ನಾವು ಕುರ್ಚಿ ಬಿಟ್ಟೆದ್ದಾಗಲೇ ಸತ್ತಿತ್ತು. ನಾನು ಅವಳಿಗೆ ಸತ್ತ ವಿಳಾಸ ಬರೆದುಕೊಟ್ಟಿದ್ದೆ.

ತಾರೀಖು ಓದಿ ಹೇಳಿದೆ. ಅವಳು ಚೀಟಿಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದಳು.

"ಹರಪನಹಳ್ಳಿ ಅಂಗಡ್ಯಾರು, ಮುಂದಿಂದಷ್ಟ ಹೊಡದು ನೋಡೂಣು ಅಂದಿದ್ರು," ಎಂದಳು. "ನಾನಾ ಬ್ಯಾಡ ಅಂದೆ. ನಮ್ಮಣ್ಣಾರು ಬರದುಕೊಟ್ಟಾರ, ಒಂದಕ್ಷರ ಬಿಡಬ್ಯಾಡ್ರಿ ಅಂದೆ."

ಆಗಲಾದರೂ ತಪ್ಪು ನನ್ನದು ಎನ್ನಬೇಕಿತ್ತು. ಗೋಡೆ ತುಂಬ ಬರೆದುಕೊಂಡವನಿಗೆ ಬಾಯಿ ಬರಲಿಲ್ಲ.

"ಅವ್ರ ಕಂಪ್ಯೂಟ್ರು ಸರಿ ಇಲ್ಲವ್ವ," ಎಂದೆ.

"ಹಂಗಾ ಇರಬೇಕ್ರಿ," ಎಂದು ಅವಳು ಅದನ್ನೂ ನಂಬಿದಳು.