ಹಕಾರಕ್ಕೊಂದು ಪದ

ಕಿಕ್ಕೇರಿ ಹೋಬಳಿಯ ಒಂದು ಸಣ್ಣ ಊರಿನ ಶಾಲೆಯಲ್ಲಿ ನರಸಯ್ಯ ಮೇಷ್ಟ್ರು ಹದಿನೆಂಟು ವರ್ಷದಿಂದ ಒಂದನೇ ತರಗತಿಗೇ ಅಂಟಿಕೊಂಡಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಇಲಾಖೆಯಿಂದ ಅವರಿಗೊಂದು ಸುತ್ತೋಲೆ ಬಂತು. ಅಕ್ಷರಕ್ಕೊಂದರಂತೆ, ಮಕ್ಕಳು ದಿನಾ ಆಡುವ ಪದಗಳನ್ನೇ ಆರಿಸಿ, ಚಿತ್ರ ಬರೆದು ಕಳಿಸಬೇಕಂತೆ. ಮೇಷ್ಟ್ರಿಗೆ ಉತ್ಸಾಹವೋ ಉತ್ಸಾಹ. ಕಬ್ಬು, ರಾಗಿ, ಬಸ್ಸು ಎಂದು ಮೂರೇ ದಿನದಲ್ಲಿ ಪಟ್ಟಿ ಮುಗಿಸಿದರು. ಹ ಒಂದು ಉಳಿಯಿತು.

ಹಸುವಿನ ಚಿತ್ರ ಎತ್ತಿ ಹಿಡಿದು, "ಏನ್ರಲಾ ಇದು?" ಎಂದರು.

"ಅಸು ಸಾ!"

ಹಾವು ಬರೆದರೆ "ಆವು". ಹೂವು ತೋರಿಸಿದರೆ "ಊವು". ಕೊನೆಗೆ ತಮ್ಮ ಬಾಯನ್ನೇ ತೆರೆದು ಹಲ್ಲು ತೋರಿಸಿದರು. "ಅಲ್ಲು" ಎಂದರು ಮಕ್ಕಳು.

ತಿದ್ದಿಯೇ ಬಿಡೋಣವೆಂದು ಮೇಷ್ಟ್ರು ಒಂದು ವಾರ ಹಸು, ಹಸು ಎಂದು ಹೇಳಿಸಿದರು. ಎಂಟನೇ ದಿನ, ತರಗತಿಯ ದೀಪಳ ತಾಯಿ ಮಾರಮ್ಮ ಬಾಗಿಲಿಗೆ ಬಂದು ನಿಂತಳು.

"ಏನ್ ಮೇಷ್ಟ್ರೇ ನೀವ್ ಕಲ್ಸಿರದು? ನನ್ ಮಗ್ಳು ಕೊಟ್ಗೇಲಿ ನಿಂತ್ಕಂಡು ಹುಸ್ ಅಂತ ಉಸ್ರು ಬುಡ್ತಾಳೆ. ಅಸು ಬೆದ್ರಿ ಕಾಲೆತ್ತದೆ, ಆಲು ಕರಿಯಕ್ಕೇ ಬುಡಾಕಿಲ್ಲ."

"ಅದು ಹಸು ಕಣವ್ವ."

"ನಿಮ್ಮನೇಲಿ ಅಂಗಂತೀರಾ?"

ಮೇಷ್ಟ್ರೂ ಅದೇ ತಾಲ್ಲೂಕಿನ ಸಿಂಧಘಟ್ಟದವರು. ಬೆಳಿಗ್ಗೆ ತಾವೂ ಅಸುವಿಗೇ ಹುಲ್ಲು ಹಾಕಿ ಬಂದಿದ್ದರು. ಅವರ ಪೆಚ್ಚು ಮುಖ ನೋಡಿ ಮಕ್ಕಳೆಲ್ಲ ಹಹಹ ಎಂದು ನಕ್ಕವು.

ಮೇಷ್ಟ್ರು ಕಿವಿಗೊಟ್ಟರು. ಇಡೀ ತರಗತಿಯಲ್ಲಿ ಒಂದು ಮಗುವೂ ಅಅಅ ಎಂದು ನಗುತ್ತಿರಲಿಲ್ಲ!

ಹ ಎದುರಿಗೆ ನಗುವ ಮುಖವೊಂದನ್ನು ಬರೆದು, ಕೆಳಗೆ 'ಹಹಹ' ಎಂದು ಬರೆದು ಪಟ್ಟಿ ಕಳಿಸಿಬಿಟ್ಟರು.

ಮೂರು ತಿಂಗಳಿಗೆ ಬಣ್ಣದ ಪಟ ಅಚ್ಚಾಗಿ ಬಂತು. ನಗುವ ಮುಖದ ಜಾಗದಲ್ಲಿ ಹಂಸವೊಂದು ಕತ್ತು ಬಗ್ಗಿಸಿ ಕೂತಿತ್ತು. ನಗು ಪದವಲ್ಲವೆಂದೂ, ಪಠ್ಯದ ಘನತೆಗೆ ಒಪ್ಪುವುದಿಲ್ಲವೆಂದೂ ಜೊತೆಗೊಂದು ಟಿಪ್ಪಣಿ. ತಾಲ್ಲೂಕಿನಲ್ಲಿ ಯಾರೂ ಕಾಣದ ಆ ಹಕ್ಕಿಯನ್ನು ಮಕ್ಕಳು "ಬಾತು ಸಾ" ಎಂದು ಗುರುತಿಸಿದರು. ಮೇಷ್ಟ್ರು ವಾದಿಸದೆ ಪಟವನ್ನು ಗೋಡೆಗೆ ನೇತುಹಾಕಿ, ಹ ಅಕ್ಷರವನ್ನು ನಗಿಸಿಯೇ ಕಲಿಸಿದರು.

ವರ್ಷದ ಕೊನೆಯಲ್ಲಿ ತಪಾಸಣೆಗೆ ಬಂದ ಅಧಿಕಾರಿ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಹ ಬರೆದು, "ಓದಿ" ಎಂದರು. ಮೂವತ್ತು ಮಕ್ಕಳೂ ಒಂದೇ ಉಸಿರಿಗೆ ಹಹಹ ಎಂದವು. ಅಧಿಕಾರಿ ಗಾಬರಿಯಿಂದ ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. 'ಮಕ್ಕಳಿಗೆ ಹ ತಿಳಿದಿಲ್ಲ, ಶಿಸ್ತು ಸಾಲದು' ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋದರು.

ಮಕ್ಕಳಿಗೆ ಹ ತಿಳಿದಿತ್ತು. ತುಸು ಹೆಚ್ಚೇ ತಿಳಿದಿತ್ತು. ಮಾರನೆಯ ವರ್ಷ ದೀಪ ಸ್ವಂತವಾಗಿ ಒಂದು ವಾಕ್ಯ ಬರೆದು ತಂದು ಮೇಷ್ಟ್ರ ಮುಂದೆ ಹಿಡಿದಳು: 'ನಮ್ಮ ಹೆಮ್ಮೆ ಹಾಲು ಕೊಡುತ್ತದೆ.'

ಕೆಂಪು ಪೆನ್ನು ಎಮ್ಮೆಯ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಮೇಷ್ಟ್ರು 'ಹಾಲು' ಎಂಬುದಕ್ಕೆ ದೊಡ್ಡದೊಂದು ಸರಿ ಗುರುತು ಹಾಕಿ, "ನಾಳೆ ನೋಡಾನ ಬುಡವ್ವ" ಎಂದು ಪುಸ್ತಕ ವಾಪಸು ಕೊಟ್ಟರು.