ಬೇಲಿ ಎಬ್ಬಿಸುವ ಸ್ಕ್ರಿಪ್ಟು

ಅಪ್‌ಡೇಟ್ ಅಂದರೆ ಸಾಕು, ನಾನು ಮೈಯೆಲ್ಲ ಕಣ್ಣಾಗುತ್ತೇನೆ. ನಮ್ಮನೆ ಕಂಪ್ಯೂಟರ್ ಹೇಗೆ ಏಳಬೇಕು ಅಂತ ಎಲ್ಲೋ ಕೂತ ಯಾರೋ ತೀರ್ಮಾನ ಮಾಡುತ್ತಾರಲ್ಲ, ಅದು ನನಗೆ ಯಾವತ್ತೂ ಸರಿಬಂದಿಲ್ಲ. ನಮ್ಮ ಊರು ಮರಕ್ಕಡವಿನಲ್ಲಿ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲೂ ಪ್ಲಗ್ ಕೀಳುತ್ತಾರೆ ಅನ್ನುವುದು ಅವರಿಗೇನು ಗೊತ್ತು?

ನಮ್ಮ ಗದ್ದೆಯ ಆನೆಬೇಲಿಗೆ ಕರೆಂಟು ಕೊಡಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದು ನಿಂತರೆ ತಂತಿಯೂ ಸತ್ತಂತೆ. ಕಬಿನಿ ದಾಟಿ ಬರುವ ಆನೆಗಳಿಗೆ ಆಮೇಲೆ ಅಡ್ಡಿಯೇ ಇಲ್ಲ. ಮಿಂಚಿಗೆ ಹೆದರಿ ಪ್ಲಗ್ ಕಿತ್ತ ಅತ್ತೆ ಅದನ್ನು ಮತ್ತೆ ಸಿಕ್ಕಿಸಿದರೆ ಸಾಕು, ಬೇಲಿ ತಾನಾಗಿ ಏಳಬೇಕು. ಅದಕ್ಕೆಂದೇ, ಕಂಪ್ಯೂಟರ್ ಏಳುವಾಗ ಏನೇನು ಮಾಡಬೇಕೆಂದು ಹೇಳುವ ಸ್ಟಾರ್ಟಪ್ ಸ್ಕ್ರಿಪ್ಟನ್ನು ನಾನೇ ಕೂತು ತಿದ್ದಿದ್ದೆ. ಅಪ್‌ಡೇಟ್ ಮಾಡುವಾಗ ಕಂಪ್ಯೂಟರ್ ಕೇಳುತ್ತದೆ: ನೀವು ತಿದ್ದಿದ್ದನ್ನು ತೆಗೆದು ನಮ್ಮ ಹೊಸದನ್ನು ಹಾಕಲೇ? ಪ್ರತಿ ಸಲವೂ ಬೇಡ ಅನ್ನುತ್ತಿದ್ದೆ. ಅದೂ ಸಾಲದೆಂದು ನನ್ನ ಸ್ಕ್ರಿಪ್ಟಿನ ಒಂದು ಪ್ರತಿಯನ್ನು ಬೇರೆ ಕಡೆ ಬಚ್ಚಿಟ್ಟಿದ್ದೆ.

ಒಂದು ಸಂಜೆ ಪೇಟೆಯಿಂದ ಬಂದು ನೋಡಿದರೆ ಮೈದುನ ಆ ಕಂಪ್ಯೂಟರ್ ಮುಂದೆ ಕೂತಿದ್ದ.

"ಎಲ್ಲ ಅಪ್‌ಡೇಟ್ ಮಾಡಿಬಿಟ್ಟೆ ಅತ್ತಿಗೆ."

"ಏನಾದ್ರೂ ಕೇಳ್ತಾ?"

"ಏನೋ ಕೇಳ್ತು. ಯೆಸ್ ಅಂದೆ."

"ಏನು ಕೇಳ್ತು ಅಂತ ಓದಿದ್ಯಾ?"

"ಬೇಲಿ ನಡೀತಾ ಉಂಟಲ್ಲ! ಒಂದು ಕುಳಪ್ಪವೂ ಇಲ್ಲ, ಏನೂ ತೊಂದ್ರೆ ಇಲ್ಲ. ಎಂಥ ಸಂಶಯ ನಿಮ್ಗೆ?"

ನಡೆಯುತ್ತಿತ್ತು, ನಿಜ. ಬೇಲಿ ಕಂಬದ ಕೆಂಪು ದೀಪ ಕಿಟಕಿಯಿಂದ ಕಾಣುತ್ತಿತ್ತು. ಆದರೆ ಅದು ಬೆಳಿಗ್ಗೆ ನನ್ನ ಸ್ಕ್ರಿಪ್ಟು ಎಬ್ಬಿಸಿದ ಬೇಲಿ. ಹೊಸ ಸ್ಕ್ರಿಪ್ಟಿನ ಬಂಡವಾಳ ಬಯಲಾಗುವುದು ಮತ್ತೊಮ್ಮೆ ಸ್ಟಾರ್ಟ್ ಮಾಡಿದಾಗಲೇ. ಫೈಲು ತೆರೆದು ನೋಡಿದ್ದರೂ ಗೊತ್ತಾಗುತ್ತಿತ್ತು. ನನಗೆ ಅಷ್ಟು ಸಾಲದು, ಅವನ ಮುಖಕ್ಕೆ ಹಿಡಿದು ತೋರಿಸಬೇಕಿತ್ತು. ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ.

ಕಂಪ್ಯೂಟರ್ ಎದ್ದಿತು. ಕಂಬದ ದೀಪ ಹೊತ್ತಲಿಲ್ಲ.

"ನೋಡಿದ್ಯಾ?" ಅಂದೆ. ಸುಳ್ಳೇಕೆ, ಖುಷಿಯೇ ಆಗಿತ್ತು.

ಅವನು ಥಟ್ಟನೆ ಎದ್ದ. "ಅತ್ತಿಗೆ, ಅಮ್ಮ ದನ ತರ್ಲಿಕ್ಕೆ ಕೆಳಗೆ ಹೋಗಿದಾಳೆ."

ಅಷ್ಟು ಹೇಳಿ ಅವನು ಗದ್ದೆಯ ಕಡೆ ಓಡಿದ. ಬಚ್ಚಿಟ್ಟ ಪ್ರತಿಯನ್ನು ಹುಡುಕಿ ಹೊಸದರ ಜಾಗದಲ್ಲಿ ಹಾಕುವಾಗ ನನ್ನ ಬೆರಳುಗಳು ತಪ್ಪು ಅಕ್ಷರಗಳನ್ನೇ ಒತ್ತುತ್ತಿದ್ದವು. ಮತ್ತೆ ಸ್ಟಾರ್ಟ್ ಮಾಡಿ ಕಿಟಕಿಗೆ ಅಂಟಿಕೊಂಡು ನಿಂತೆ. ಹಿಂದೆಂದೂ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಕೊನೆಗೂ ದೀಪ ಹೊತ್ತಿತು.

ಸ್ವಲ್ಪ ಹೊತ್ತಿನಲ್ಲಿ ದನದ ಹಿಂದೆ ಇಬ್ಬರೂ ಬಂದರು. ಅತ್ತೆಗೆ ಏದುಸಿರು.

"ದೀಪ ಆರಿತ್ತು. ಬೇಲಿಯಾಚೆ ಬಿದಿರು ಮುರೀತಾ ಇತ್ತು, ಇಷ್ಟು ಹತ್ರ," ಎಂದು ಅಂಗಳದ ತುದಿ ತೋರಿಸಿದರು. "ಯಾರು ಆಫ್ ಮಾಡಿದ್ದು?"

ಬಾಯಿ ತೆರೆಯಬೇಕಾದವಳು ನಾನು.

"ನಾನೇ," ಅಂದ ಮೈದುನ. ಅತ್ತೆ ಅವನ ಬೆನ್ನಿಗೊಂದು ಬಾರಿಸಿ ದನ ಕಟ್ಟಲು ಹೋದರು.

ಅವನು ನನ್ನ ಕಡೆ ನೋಡಲೂ ಇಲ್ಲ. ಇವನಿಗೆ ನನ್ನಿಂದ ಏನು ಕೆಲಸ ಆಗಬೇಕಿದೆಯೋ ಅನ್ನುವುದೇ ನನಗೆ ಮೊದಲು ಹೊಳೆದದ್ದು.